ಮಾರುವವನ ಮೌನ

ಅಸತ್ಯವನ್ನು ನುಡಿಯಬಾರದೆಂಬ ವಿಧಿಯು ಎಲ್ಲ ದೇಶಗಳ ನೀತಿಶಾಸ್ತ್ರಗಳಿಗೂ ಸಮಾನವಾದುದು. ಆದರೆ ಬಾಯಿಯನ್ನೇ ತೆರೆಯದವನು ಅಸತ್ಯವಾದಿಯಾಗಬಲ್ಲನೆ ಎಂಬ ಪ್ರಶ್ನೆಯು ಅಷ್ಟು ಸುಲಭವಾಗಿ ತೀರತಕ್ಕದ್ದಲ್ಲ. ಸಂತೆಗೆ ತಂದ ಬದನೆಕಾಯಿಯೊಳಗೆ ಹುಳುವಿದೆಯೆಂದು ಬಲ್ಲ ವ್ಯಾಪಾರಿಯು ಅದನ್ನು ತಾನಾಗಿ ಹೇಳಬೇಕೆ, ಅಥವಾ ಕೇಳಿದರೆ ಮಾತ್ರ ಹೇಳಿದರೆ ಸಾಕೆ? ಬದನೆಕಾಯಿಯಾದರೆ ನಷ್ಟವು ಒಂದು ಹೊತ್ತಿನ ಪಲ್ಯ. ಮನೆಯಾದರೆ ನಷ್ಟವು ಒಂದು ಸಂಸಾರದ ಇಪ್ಪತ್ತೈದು ಮೂವತ್ತು ವರ್ಷಗಳ ಸಂಪಾದನೆ. ಈ ವಿಷಯದಲ್ಲಿ ಇಂಗ್ಲೆಂಡು ದೇಶದ ನ್ಯಾಯವು ಒಂದು ವಿಲಕ್ಷಣವಾದ ಮಾರ್ಗವನ್ನು ಹಿಡಿದಿದೆ. ವೈದ್ಯವೃತ್ತಿಯಿಂದಲೋ ಗಣಕಯಂತ್ರಗಳ ಉದ್ಯೋಗದಿಂದಲೋ ಆ ದೇಶದಲ್ಲಿ ನೆಲಸಿ ಮನೆ ಕೊಂಡ ಕನ್ನಡಿಗರೂ ಈಗ ಕಡಮೆಯಿಲ್ಲವಾದುದರಿಂದ, ಆ ಮಾರ್ಗದ ಧರ್ಮಾಧರ್ಮಗಳನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಅಲ್ಲಿ ಮನೆ ಕೊಳ್ಳುವ ಕ್ರಮವನ್ನು ಮೊದಲು ತಿಳಿಯಬೇಕು. ಮಾರುವವನು ಎಸ್ಟೇಟ್ ಏಜೆಂಟನೆಂಬ ದಲ್ಲಾಳಿಯ ಮೂಲಕ ಬೆಲೆಯನ್ನು ಸಾರುತ್ತಾನೆ. ಕೊಳ್ಳುವವನು ಬಂದು ನೋಡಿ, ಇಷ್ಟು ಕೊಡುವೆನೆನ್ನುತ್ತಾನೆ. ಮಾರುವವನು ಒಪ್ಪಿದೆನೆನ್ನುತ್ತಾನೆ. ಆದರೆ ಇಷ್ಟರಿಂದ ಯಾರೂ ಯಾರಿಗೂ ಕಟ್ಟುಬಿದ್ದವರಲ್ಲ. ಭೂಮಿಯ ಕರಾರಿಗೆ ಬರೆಹದ ಆಧಾರವಿರಬೇಕೆಂದು 1677ರಲ್ಲಿಯೇ ಅಲ್ಲಿ ಶಾಸನವಾಯಿತು. 1989ರ ಶಾಸನವು ಇನ್ನೂ ಬಿಗಿಯಾಗಿ, ಎಲ್ಲ ಷರತ್ತುಗಳೂ ಬರೆಹದಲ್ಲಿದ್ದು ಉಭಯರೂ ಸಹಿಮಾಡಿದ ಹೊರತು ಕರಾರೇ ಹುಟ್ಟುವುದಿಲ್ಲವೆಂದು ವಿಧಿಸಿತು. ಆದುದರಿಂದ ಸೋಮವಾರ ಒಬ್ಬನಿಗೆ ಒಪ್ಪಿದೆನೆಂದವನು, ಶುಕ್ರವಾರ ಇನ್ನೊಬ್ಬನು ಹತ್ತು ಸಾವಿರ ಪೌಂಡು ಹೆಚ್ಚಿಗೆ ಕೊಡುತ್ತಾನೆಂದು ಮೊದಲಿನವನನ್ನು ಕೈಬಿಡಬಹುದು. ಇದಕ್ಕೆ ಅಲ್ಲಿಯವರು ಗಜಂಪಿಂಗ್ ಎಂದು ಹೆಸರಿಟ್ಟು, ತಿರಸ್ಕರಿಸಿ, ನಿಲ್ಲಿಸದೆ ಬಿಟ್ಟಿದ್ದಾರೆ. ಕೊಳ್ಳುವವನೂ ಕಡೆಯ ಗಳಿಗೆಯಲ್ಲಿ ಬೆಲೆ ಇಳಿಸೆಂದು ಹಟಹಿಡಿಯಬಹುದು. ಹರಿಶ್ಚಂದ್ರನ ಕಥೆಯನ್ನು ಕೇಳಿ ಬೆಳೆದವರಿಗೆ ಇದು ಸೋಜಿಗವೆನಿಸೀತು.

ಈ ಬಾಯಿಮಾತಿಗೂ ಕಟ್ಟುಪಾಡಿನ ಕರಾರಿಗೂ ನಡುವೆ ಅನೇಕ ವಾರಗಳು ಕಳೆಯುತ್ತವೆ. ಅಷ್ಟರಲ್ಲಿ ಕೊಳ್ಳುವವನ ಸಾಲಿಸಿಟರು ಭೂನೋಂದಣಿಯ ದಾಖಲೆಗಳನ್ನು ತೆಗೆಸುತ್ತಾನೆ, ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸುತ್ತಾನೆ, ಚರಂಡಿ ಯಾರದು, ರಸ್ತೆ ಯಾರದು ಎಂದು ಹುಡುಕುತ್ತಾನೆ. ಸರ್ವೆಯರನು ಗೋಡೆ ಮಾಡುಗಳನ್ನು ನೋಡಿ ವರದಿ ಬರೆಯುತ್ತಾನೆ. ಕಡೆಗೆ ಉಭಯರ ಸಹಿಯುಳ್ಳ ಕರಾರುಪ್ರತಿಗಳು ಒಂದಕ್ಕೊಂದು ಬದಲಾಗಿ, ಬೆಲೆಯ ಹತ್ತರಲ್ಲೊಂದು ಪಾಲು ಮುಂಗಡ ಸಂದಾಗ ಮಾತ್ರ ಗಂಟು ಬೀಳುತ್ತದೆ. ಆಮೇಲೆ ಗೊತ್ತುಮಾಡಿದ ದಿನ ಉಳಿದ ಹಣ ಸಂದು ಬೀಗದ ಕೈ ಕೈಸೇರುತ್ತದೆ. ನೋಂದಣಿಯ ಪುಸ್ತಕವು 1990ರ ಡಿಸೆಂಬರಿನಿಂದ ಸಾರ್ವಜನಿಕರಿಗೆ ತೆರೆದಿದೆಯಾಗಿ, ಮನೆಯ ಒಡೆತನ ಯಾರದು, ಅದರ ಮೇಲೆ ಸಾಲವೆಷ್ಟು ಜನರದು ಎಂಬುದು ಗುಟ್ಟಲ್ಲ. ಹಕ್ಕಿನಲ್ಲಿರುವ ಗೂಢವಾದ ಕುಂದನ್ನು ಮಾರುವವನು ಹೇಳತಕ್ಕದ್ದೆಂದೂ ಅಲ್ಲಿಯ ನ್ಯಾಯವು ಒಪ್ಪುತ್ತದೆ. ಆದರೆ ಆ ಪುಸ್ತಕದಲ್ಲಿ ಗೋಡೆಯ ತೇವವಿಲ್ಲ, ನೆರೆಯವನ ಜಗಳವಿಲ್ಲ, ಮಳೆಗಾಲದಲ್ಲಿ ಹೊಸ್ತಿಲವರೆಗೆ ಬರುವ ನೀರಿಲ್ಲ. ಇವನ್ನು ಬಲ್ಲವನು ಆ ಮನೆಯಲ್ಲಿದ್ದವನೊಬ್ಬನೇ. ಅವನು ಹೇಳಬೇಕೆ?

ಹೇಳಬೇಕಾಗಿಲ್ಲವೆಂಬುದೇ ಇಂಗ್ಲೆಂಡಿನ ಮೂಲನಿಯಮ. ಕೇವಿಯಟ್ ಎಂಪ್ಟರ್, ಎಂದರೆ ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಲ್ಯಾಟಿನ್ ನುಡಿ ಇದಕ್ಕೆ ಆಧಾರ. ನುಡಿಯು ಲ್ಯಾಟಿನ್ನಾದರೂ ನಿಯಮವು ರೋಮಿನದಲ್ಲ; ಈ ಮಾತು ಮುಂದೆ ಬೇಕಾಗುವುದು. 1603ರಲ್ಲಿ ಲಂಡನ್ನಿನ ಒಬ್ಬ ಅಕ್ಕಸಾಲಿಗನು ಒಂದು ಕಲ್ಲನ್ನು ಬೆಜೋವಾರ್ ಎಂದು ಹೇಳಿ ನೂರು ಪೌಂಡಿಗೆ ಮಾರಿದನು. ಬೆಜೋವಾರ್ ಎಂಬುದು ಪ್ರಾಣಿಗಳ ಹೊಟ್ಟೆಯಲ್ಲಿ ಹುಟ್ಟುವ, ಗೋರೋಚನದ ಜಾತಿಗೆ ಸೇರಿದ, ವಿಷಹರವೆಂದು ನಂಬಿದ್ದ ವಸ್ತು. ಕಲ್ಲು ಅದಾಗಿರಲಿಲ್ಲ. ಬೆಜೋವಾರ್ ಎಂದು ಹೇಳಿದ ಮಾತ್ರಕ್ಕೆ ಭರವಸೆ ಕೊಟ್ಟಂತಾಗಲಿಲ್ಲವೆಂದು ನ್ಯಾಯಸ್ಥಾನವು ಕೊಂಡವನನ್ನು ಬರಿಗೈಯಲ್ಲಿ ಕಳುಹಿಸಿತು. ಆಡಿದ ಮಾತಿನ ಗತಿಯೇ ಹೀಗಿದ್ದಾಗ ಆಡದ ಮಾತನ್ನು ಕೇಳುವವರು ಯಾರು? 1851ರಲ್ಲಿ ಇನ್ನೊಂದು ವ್ಯಾಜ್ಯ. ಒಬ್ಬನು ವಾಸಕ್ಕೆಂದು ಮನೆಯನ್ನು ಬಾಡಿಗೆಗೆ ಹಿಡಿದನು. ಅದು ಬೀಳುವ ಸ್ಥಿತಿಯಲ್ಲಿತ್ತು. ಒಡೆಯನಿಗೆ ಅದು ಗೊತ್ತಿತ್ತು. ಬಂದವನು ಕೂಡಲೆ ವಾಸಮಾಡುವನೆಂಬುದೂ ಗೊತ್ತಿತ್ತು. ಒಡೆಯನು ಸುಮ್ಮನಿದ್ದನು. ಸುಮ್ಮನಿದ್ದುದು ಅಪರಾಧವಲ್ಲವೆಂದು ತೀರ್ಪಾಯಿತು.

1871ರಲ್ಲಿ ಮುಖ್ಯ ನ್ಯಾಯಾಧೀಶನಾದ ಕಾಕ್‌ಬರ್ನನು ಈ ತತ್ತ್ವವನ್ನು ಮುಚ್ಚುಮರೆಯಿಲ್ಲದೆ ವಿವರಿಸಿದನು. ವ್ಯಾಜ್ಯವು ಓಟ್ಸ್ ಎಂಬ ಧಾನ್ಯದ ವಿಷಯವಾದರೂ ಅವನು ಎತ್ತಿಕೊಂಡ ದೃಷ್ಟಾಂತವು ಭೂಮಿಯದು. ಒಂದು ಜಮೀನಿನ ಅಡಿಯಲ್ಲಿ ಗಣಿಯಿದೆ. ಕೊಳ್ಳುವವನಿಗೆ ಗೊತ್ತು, ಮಾರುವವನಿಗೆ ಗೊತ್ತಿಲ್ಲ. ಸೂಕ್ಷ್ಮವಾದ ಅಂತಃಕರಣವುಳ್ಳವನು ಆ ಅಜ್ಞಾನದ ಲಾಭವನ್ನು ಪಡೆಯಲೊಲ್ಲನು. ಆದರೆ ಕ್ರಯವು ಮಾತ್ರ ಸ್ಥಿರವಾದುದೇ ಎಂದು ಅವನ ಅಭಿಪ್ರಾಯ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ನ್ಯಾಯಾಧೀಶನು ಮೌನವನ್ನು ಸದಾಚಾರವೆಂದು ಹೊಗಳಲಿಲ್ಲ. ಸಜ್ಜನನ ನಡತೆ ಒಂದು, ನ್ಯಾಯಸ್ಥಾನವು ಬಲಾತ್ಕಾರದಿಂದ ನಡೆಯಿಸಬಹುದಾದ ನಡತೆ ಇನ್ನೊಂದು ಎಂದು ಎರಡನ್ನೂ ಬೇರೆಬೇರೆಯಾಗಿಟ್ಟನು. ಇಷ್ಟು ಪ್ರಾಮಾಣಿಕತೆ ಎಲ್ಲ ನ್ಯಾಯಾಧೀಶರಲ್ಲಿಯೂ ಕಾಣದು.

ಈ ನಿಯಮದ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಇಲ್ಲವೆನ್ನುವಂತಿಲ್ಲ. ಮಾರುವವನು ಎಲ್ಲವನ್ನೂ ಹೇಳತಕ್ಕದ್ದೆಂದರೆ ಆ ‘ಎಲ್ಲ’ಕ್ಕೆ ಎಲ್ಲೆ ಯಾವುದು? ಕದವು ಕಿರುಗುಟ್ಟುವುದನ್ನೂ ಹೇಳಬೇಕೆ? ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವನ ಮೂಗಿಗೆ ಅಲ್ಲಿಯ ತೇವದ ವಾಸನೆಯೇ ತಿಳಿಯದೆ ಹೋಗಬಹುದು, ಅವನನ್ನು ವಂಚಕನೆನ್ನಲಾದೀತೆ? ಕೊಳ್ಳುವವನಿಗೆ ಕಣ್ಣಿದೆ, ಸಾಲಿಸಿಟರಿದ್ದಾನೆ, ಸರ್ವೆಯರನಿದ್ದಾನೆ. ಕೇಳುವ ಭಾರವನ್ನು ಅವನ ಮೇಲೆ ಹೊರಿಸಿದರೆ ಅವನು ಕೇಳಿಯೇ ಕೇಳುತ್ತಾನೆ. ಹೇಳುವ ಭಾರವನ್ನು ಮಾರುವವನ ಮೇಲೆ ಹೊರಿಸಿದರೆ ಪ್ರತಿಯೊಂದು ಮಾರಾಟವೂ ಹತ್ತು ವರ್ಷಗಳ ಮೇಲೆ ವ್ಯಾಜ್ಯಕ್ಕೆ ಗುರಿಯಾದೀತು. ಈ ವಾದವು ಹುರುಳಿಲ್ಲದ್ದಲ್ಲ.

ಆದರೆ ನಾಲಗೆಯು ಸುಮ್ಮನಿದ್ದರೂ ಕೈಯು ಸುಳ್ಳಾಡಬಲ್ಲದು. ಮರಕ್ಕೆ ಹತ್ತಿ ಅದನ್ನು ಪುಡಿಮಾಡುವ ಒಂದು ಬಗೆಯ ಬೂಷ್ಟನ್ನು ಅಲ್ಲಿ ಡ್ರೈ ರಾಟ್ ಎನ್ನುವರು. ಮಾರಾಟಕ್ಕೆ ಮೊದಲು ಅದನ್ನು ಕಾಣದಂತೆ ಮುಚ್ಚಿಸಿದ ಒಂದು ಮೊಕದ್ದಮೆಯಲ್ಲಿ, ಹಾಗೆ ಮುಚ್ಚಿದುದೇ ‘ಇಲ್ಲಿ ರೋಗವಿಲ್ಲ’ವೆಂದು ನುಡಿದಂತಾಯಿತೆಂದು ಮೇಲ್ಮನವಿಯ ನ್ಯಾಯಸ್ಥಾನವು 1986ರಲ್ಲಿ ನಿರ್ಣಯಿಸಿತು. ಅರ್ಧಸತ್ಯವೂ ಅಲ್ಲಿ ಅಸತ್ಯವೆನಿಸುವುದು. ಹೇಳಿದಾಗ ನಿಜವಾಗಿದ್ದು ಕರಾರಿನ ಹೊತ್ತಿಗೆ ಸುಳ್ಳಾಗಿ ಪರಿಣಮಿಸಿದ ಮಾತನ್ನು ತಿದ್ದದೆ ಸುಮ್ಮನಿರುವಂತಿಲ್ಲವೆಂದು 1936ರಲ್ಲಿ, ಒಬ್ಬ ವೈದ್ಯನು ತನ್ನ ವೃತ್ತಿಯನ್ನು ಮಾರಿದ ವ್ಯಾಜ್ಯದಲ್ಲಿ ತೀರ್ಪಾಯಿತು. 1967ರ ಶಾಸನವು ಇನ್ನೂ ಮುಂದೆ ಹೋಗಿ, ಸುಳ್ಳು ಹೇಳಿಕೆಯಿಂದ ಇನ್ನೊಬ್ಬನನ್ನು ಕರಾರಿಗೆ ಎಳೆದವನು ತಾನು ಅದನ್ನು ನಂಬಲು ತಕ್ಕ ಕಾರಣವಿತ್ತೆಂದು ತಾನೇ ರುಜುವಾತುಪಡಿಸಬೇಕೆಂದಿತು. ಹೀಗೆ ಮೌನಿಗೆ ಅಭಯ, ಬಾಯಿಬಿಟ್ಟವನಿಗೆ ಭಯ.

ಇದರ ಫಲವಾಗಿ ಸಾಲಿಸಿಟರುಗಳು ಮಾಡಿಕೊಂಡ ಉಪಾಯವು ಚಮತ್ಕಾರವಾದುದು. ಮೌನಿಯನ್ನು ಹಿಡಿಯುವಂತಿಲ್ಲವಷ್ಟೆ, ಹಾಗಾದರೆ ಅವನನ್ನು ಮಾತನಾಡಿಸಬೇಕು! ಲಾ ಸೊಸೈಟಿಯವರು ಸಿದ್ಧಪಡಿಸಿದ ಒಂದು ಪ್ರಶ್ನಪತ್ರವನ್ನು ಮಾರುವವನ ಕೈಗೆ ಕೊಡುತ್ತಾರೆ. ಬೇಲಿ ಯಾರದು, ನೆರೆಯವರೊಡನೆ ವಿವಾದವಿತ್ತೆ, ಮನೆಗೆ ಎಂದಾದರೂ ನೀರು ನುಗ್ಗಿತ್ತೆ, ಕಟ್ಟಡವನ್ನು ಮಾರ್ಪಡಿಸಿದಾಗ ಅಪ್ಪಣೆ ಪಡೆದಿತ್ತೆ, ಹಿತ್ತಿಲಿನಲ್ಲಿ ಜಪಾನೀ ನಾಟ್‌ವೀಡ್ ಎಂಬ ಕಳೆಯಿದೆಯೆ ಎಂದು ಅದರಲ್ಲಿ ಪುಟಪುಟಗಳ ಪ್ರಶ್ನೆಗಳು. ಉತ್ತರ ಕೊಡಲೇಬೇಕೆಂದು ಶಾಸನವೇನೂ ಇಲ್ಲ. ಆದರೆ ಕೊಡದಿದ್ದರೆ ಕೊಳ್ಳುವವನು ಸಂಶಯಪಟ್ಟು ಹಿಂಜರಿಯುವನಾದುದರಿಂದ ಎಲ್ಲರೂ ಕೊಡುತ್ತಾರೆ. ಕೊಟ್ಟ ಮೇಲೆ ಮಾತಿಗೆ ಸಿಕ್ಕಿಬಿದ್ದಂತೆಯೇ. ಆ ಕಳೆಯಾದರೋ ಬೇರಿನ ತುಣುಕೊಂದು ಉಳಿದರೂ ಮತ್ತೆ ಚಿಗುರುವಂಥದು. ಅದಿರುವ ಮನೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುವುವು. 2023ರಲ್ಲಿ ಲಂಡನ್ನಿನ ಒಂದು ನ್ಯಾಯಸ್ಥಾನದ ಮುಂದೆ ಬಂದ ವ್ಯಾಜ್ಯದಲ್ಲಿ, ‘ತಿಳಿಯದು’ ಎಂದು ಗುರುತುಮಾಡಬಹುದಾಗಿದ್ದ ಕಡೆ ‘ಇಲ್ಲ’ವೆಂದು ಗುರುತುಮಾಡಿದ್ದ ಮಾರಾಟಗಾರನು 32,000 ಪೌಂಡು ಪರಿಹಾರವನ್ನೂ ಅದರ ಮೇಲೆ ವ್ಯಾಜ್ಯದ ಖರ್ಚನ್ನೂ ತೆರಬೇಕಾಯಿತು. ಒಂದು ಪದದ ಬೆಲೆ!

ಈ ಉಪಾಯವು ಒಂದು ಅನಿಷ್ಟವನ್ನೂ ಹುಟ್ಟಿಸಿದೆ. ನೆರೆಯವನ ಗಲಾಟೆಯ ಮೇಲೆ ನಗರಸಭೆಗೆ ದೂರಿತ್ತರೆ, ಮುಂದೆ ಮನೆ ಮಾರುವ ದಿನ ಆ ದೂರನ್ನು ಪ್ರಶ್ನಪತ್ರದಲ್ಲಿ ಬರೆಯಬೇಕಾಗುವುದು. ಬರೆದರೆ ಬೆಲೆ ಇಳಿಯುವುದು. ಆದುದರಿಂದ ಎಷ್ಟೋ ಮಂದಿ ದೂರನ್ನೇ ಕೊಡದೆ ಹಲ್ಲುಕಚ್ಚಿಕೊಂಡು ಸಹಿಸುತ್ತಾರೆ. ನಾಳೆ ಸತ್ಯವನ್ನು ಹೇಳಬೇಕಾದೀತೆಂಬ ಭಯದಿಂದ ಇಂದು ಸತ್ಯವೇ ಹುಟ್ಟದಂತೆ ನೋಡಿಕೊಳ್ಳುವುದು! ಇಂಥ ಸತ್ಯವ್ರತವು ಯಾವ ಶಾಸ್ತ್ರಕ್ಕೆ ಸಮ್ಮತವೋ ತಿಳಿಯದು.

ಮೌನವು ನಿಃಶಬ್ದವಾಗಿಯೇ ಇರಬೇಕೆಂದೂ ಇಲ್ಲ. ಹೇಳಿಯೂ ಹೇಳದಂತಿರುವ ಒಂದು ಮಾರ್ಗವುಂಟು. ಇಂಗ್ಲೆಂಡಿನಲ್ಲಿ ಮನೆಯ ಒಡೆತನವು ಎರಡು ವಿಧ. ಫ್ರೀಹೋಲ್ಡ್ ಎಂದರೆ ಕಾಲದ ಮಿತಿಯಿಲ್ಲದ ಹಕ್ಕು. ಲೀಸ್‌ಹೋಲ್ಡ್ ಎಂದರೆ 99 ವರ್ಷವೋ 125 ವರ್ಷವೋ ಎಂದು ಮಿತಿಯುಳ್ಳದ್ದು. ಅವಧಿ ತೀರಿದರೆ ಮನೆಯು ನೆಲದೊಡೆಯನದೇ. ಮಹಡಿ ಮನೆಗಳ ಫ್ಲ್ಯಾಟುಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಯವು. ಲಕ್ಷಾಂತರ ಪೌಂಡು ಕೊಟ್ಟು ‘ಕೊಂಡೆ’ನೆಂದವನು ನಿಜವಾಗಿ ಕೊಂಡದ್ದು ಕಾಲವನ್ನು, ಮನೆಯನ್ನಲ್ಲ! ಇದಲ್ಲದೆ ನೆಲದೊಡೆಯನಿಗೆ ವರ್ಷಂಪ್ರತಿ ನೆಲಬಾಡಿಗೆಯನ್ನೂ ಸಲ್ಲಿಸಬೇಕು. ಈ ಶತಮಾನದ ಆರಂಭದ ಎರಡು ದಶಕಗಳಲ್ಲಿ ಕೆಲವು ಕಟ್ಟಡ ಕಂಪನಿಗಳು ಹೊಸ ಮನೆಗಳ ಲೀಸುಪತ್ರಗಳಲ್ಲಿ, ಹತ್ತು ವರ್ಷಕ್ಕೊಮ್ಮೆ ನೆಲಬಾಡಿಗೆಯು ಇಮ್ಮಡಿಯಾಗತಕ್ಕದ್ದೆಂಬ ಒಂದು ಸಾಲನ್ನು ಸೇರಿಸಿದವು. ಮೊದಲು 250 ಪೌಂಡಿದ್ದರೆ ಐವತ್ತು ವರ್ಷಗಳ ಕೊನೆಗೆ 8,000 ಪೌಂಡಾಗುವುದೆಂದು ಮೂರನೆಯ ತರಗತಿಯ ಹುಡುಗನೂ ಲೆಕ್ಕಮಾಡಬಲ್ಲನು. ಆದರೆ ಹತ್ತಾರು ಪುಟಗಳ ಪತ್ರದ ನಡುವೆ ಅಡಗಿದ ಆ ಸಾಲನ್ನು ಹೊಸಮನೆಯ ಸಂಭ್ರಮದಲ್ಲಿದ್ದವರು ಲೆಕ್ಕಮಾಡಲಿಲ್ಲ. ಮುಂದೆ ಮಾರಹೋದಾಗ ಕೊಳ್ಳುವವರಿಲ್ಲ. ಇಲ್ಲಿ ಯಾರೂ ಮೌನವಾಗಿರಲಿಲ್ಲ, ಬರೆದೇ ಕೊಟ್ಟಿದ್ದರು. ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರವು 2020ರಲ್ಲಿ ಕ್ರಮ ಕೈಕೊಂಡ ಮೇಲೆ ಹಲವು ಕಂಪನಿಗಳು ಇಮ್ಮಡಿಯ ಷರತ್ತನ್ನು ತೆಗೆದುಹಾಕಲು ಒಪ್ಪಿದವು. 2022ರ ಜೂನ್ 30ರಿಂದ ಹೊಸದಾಗಿ ಬರೆಯುವ ಬಹುತೇಕ ದೀರ್ಘ ಲೀಸುಗಳಲ್ಲಿ ನೆಲಬಾಡಿಗೆಯು ವರ್ಷಕ್ಕೆ ಒಂದು ಕರಿಮೆಣಸಿನ ಕಾಳನ್ನು ಮೀರಕೂಡದೆಂದು ಶಾಸನವಾಯಿತು. ಇದು ಅಲಂಕಾರದ ಮಾತಲ್ಲ, ಶಾಸನದ ಪದವೇ ಹಾಗಿದೆ. ಒಂದು ಕಾಲಕ್ಕೆ ಮೆಣಸಿಗಾಗಿ ಹಡಗು ಹತ್ತಿ ಪಶ್ಚಿಮದ ಕರಾವಳಿಗೆ ಬಂದವರ ನಾಡಿನಲ್ಲಿ ಇಂದು ಮೆಣಸಿನ ಕಾಳೆಂದರೆ ಏನೂ ಇಲ್ಲವೆಂದರ್ಥ!

ಈ ಪ್ರಶ್ನೆಯು ಹೊಸದಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸಿರೋ ಎಂಬ ಪಂಡಿತನು ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಮನೆ ಮಾರುವವನ ಮೌನವನ್ನೇ ಚರ್ಚೆಗೆ ಎತ್ತಿಕೊಂಡಿದ್ದಾನೆ. ಒಬ್ಬನ ಮನೆಯಲ್ಲಿ ಮಲಗುವ ಕೋಣೆಗಳಲ್ಲೆಲ್ಲ ಹಾವುಗಳು ಕಾಣಿಸಿಕೊಳ್ಳುತ್ತವೆ, ತೊಲೆಗಳು ಕೆಟ್ಟಿವೆ. ಒಡೆಯನಿಗಲ್ಲದೆ ಯಾರಿಗೂ ತಿಳಿಯದು. ಅವನು ಹೇಳಬೇಕೆ? ಬ್ಯಾಬಿಲೋನಿನ ಡಯೋಜೆನಿಸನೂ ಅವನ ಶಿಷ್ಯ ಆಂಟಿಪೇಟರನೂ ಇದರಲ್ಲಿ ಎದುರುಬದರು. ಕೊಳ್ಳೆಂದು ಯಾರೂ ಬಲವಂತಮಾಡಲಿಲ್ಲ. ತನ್ನ ಸರಕಿನ ಕುಂದನ್ನು ತಾನೇ ಕೂಗುವವನಿಗಿಂತ ಮೂರ್ಖನುಂಟೆ, ‘ರೋಗದ ಮನೆ ಮಾರಾಟಕ್ಕಿದೆ’ ಎಂದು ಡಂಗುರ ಹೊಡೆಸುವುದೆ ಎಂದು ಗುರುವಿನ ಪಕ್ಷ. ದಾರಿ ತಪ್ಪಿದವನಿಗೆ ದಾರಿ ತೋರದಿರುವುದೇ ತಪ್ಪಾದರೆ, ತಿಳಿದು ತಿಳಿದೂ ಒಬ್ಬನನ್ನು ನಷ್ಟದ ಕೂಪಕ್ಕೆ ನಡೆಯಗೊಡುವುದು ಅದಕ್ಕಿಂತ ಹೆಚ್ಚಿನದೆಂದು ಶಿಷ್ಯನ ಪಕ್ಷ. ಸಿಸಿರೋ ಶಿಷ್ಯನ ಕಡೆಗೆ ತೀರ್ಪುಕೊಡುತ್ತಾನೆ: ಹೇಳದಿರುವುದೆಲ್ಲವೂ ಮರೆಮಾಚುವುದಲ್ಲ, ಯಾರು ತಿಳಿಯಬೇಕೋ ಅವರು ತಿಳಿಯಬಾರದೆಂದು ಸ್ವಲಾಭಕ್ಕಾಗಿ ಬಯಸುವುದೇ ಮರೆಮಾಚುವುದು. ಇದಕ್ಕೆ ಅವನು ಕೊಡುವ ಉದಾಹರಣೆಯೂ ಮನೆಯದೇ. ಶಕುನ ನೋಡುವ ಪುರೋಹಿತರು, ತಮ್ಮ ದೃಷ್ಟಿಗೆ ಅಡ್ಡವಾಗಿದ್ದ ಎತ್ತರದ ಮನೆಯೊಂದರ ಮೇಲ್ಭಾಗವನ್ನು ಕೆಡಹಬೇಕೆಂದು ಒಡೆಯನಿಗೆ ಅಪ್ಪಣೆಮಾಡಿದರು. ಅವನು ಅಪ್ಪಣೆಯನ್ನು ನುಂಗಿಕೊಂಡು ಮನೆಯನ್ನು ಮಾರಿದನು. ಕೊಂಡವನು ಕೆಡಹಬೇಕಾಯಿತು. ನಿರ್ಣಾಯಕನಾದ ಕೇಟೋ, ತಿಳಿದೂ ಹೇಳದಿದ್ದವನೇ ನಷ್ಟವನ್ನು ತುಂಬತಕ್ಕದ್ದೆಂದು ವಿಧಿಸಿದನು. ಲ್ಯಾಟಿನ್ ನುಡಿಯನ್ನು ಮುಂದಿಟ್ಟುಕೊಂಡು ಮೌನಕ್ಕೆ ಅಭಯವನ್ನಿತ್ತ ಇಂಗ್ಲೆಂಡು, ಲ್ಯಾಟಿನ್ನಾಡುತ್ತಿದ್ದವರ ನ್ಯಾಯವನ್ನು ಹೀಗೆ ಕೈಬಿಟ್ಟಿತು.

ಭರತಖಂಡದ ಧರ್ಮಶಾಸ್ತ್ರವೂ ಇದೇ ಹಾದಿಯದು. ಒಂದರೊಡನೆ ಇನ್ನೊಂದನ್ನು ಬೆರಸಿದ್ದು, ಸಾರವಿಲ್ಲದ್ದು, ಅಳತೆಗೆ ಕಡಮೆಯಾದದ್ದು, ಮರೆಯಲ್ಲಿಟ್ಟದ್ದು, ಇವು ಮಾರಾಟಕ್ಕೆ ಅರ್ಹವಲ್ಲವೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿದೆ. ಕೊಂಡು ಅಥವಾ ಮಾರಿ ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗೆ ಹಿಂದಿರುಗಿಸಬಹುದೆಂಬ ಅವಕಾಶವೂ ಅಲ್ಲಿಯೇ ಇದೆ. ಆದರೆ ಮೌನದ ತತ್ತ್ವವನ್ನು ಮಹಾಭಾರತದಷ್ಟು ಆಳವಾಗಿ ಬಗೆದುದು ಅಪೂರ್ವ. ಧರ್ಮಜನು ಅಶ್ವತ್ಥಾಮನ ವಿಷಯದಲ್ಲಿ ಆಡಿದುದು ಅಕ್ಷರಶಃ ಸುಳ್ಳಲ್ಲ. ಆನೆಯೆಂಬ ಪದವನ್ನು ಕೇಳಿಸದಂತೆ ನುಡಿದನು, ಅಷ್ಟೆ. ಆದರೂ ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲಿದ್ದ ರಥವು ನೆಲಕ್ಕಿಳಿಯಿತು. ಇನ್ನು ಕರ್ಣಪರ್ವದಲ್ಲಿ ಬರುವ ಕೌಶಿಕನ ಕಥೆಯು ಇದಕ್ಕೆ ತೀರ ವಿರುದ್ಧವಾದುದು. ಸತ್ಯವನ್ನೇ ನುಡಿಯುವೆನೆಂದು ವ್ರತತೊಟ್ಟ ಆ ಬ್ರಾಹ್ಮಣನು, ಕಾಡಿನಲ್ಲಿ ಅಡಗಿದ್ದವರ ಜಾಡನ್ನು ಕಳ್ಳರು ಕೇಳಲು ಇದ್ದುದನ್ನು ಇದ್ದಂತೆ ಹೇಳಿದನು. ಅಡಗಿದ್ದವರು ಸತ್ತರು, ಸತ್ಯವಂತನು ನರಕಕ್ಕೆ ಹೋದನು. ಸುಮ್ಮನಿರುವುದರಿಂದ ಪಾರುಗಾಣಿಸುವಂತಿದ್ದರೆ ಸುಮ್ಮನಿರತಕ್ಕದ್ದೆಂದು ಕೃಷ್ಣನು ಅರ್ಜುನನಿಗೆ ಹೇಳುತ್ತಾನೆ. ಹಾಗಾದರೆ ಮೌನವು ತಾನಾಗಿ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಕೌಶಿಕನು ಮೌನವಾಗಿದ್ದರೆ ಉಳಿಯುತ್ತಿದ್ದುದು ಇತರರ ಪ್ರಾಣ; ಮನೆ ಮಾರುವವನು ಮೌನವಾಗಿದ್ದರೆ ಉಳಿಯುವುದು ಅವನ ಹಣ. ಯಾರ ಹಿತಕ್ಕಾಗಿ ಬಾಯಿ ಮುಚ್ಚಿದೆಯೆಂಬುದನ್ನು ಕೇಳದೆ ಮೌನವನ್ನು ತೂಗಲಾಗದು. ಇಂಗ್ಲೆಂಡಿನ ನ್ಯಾಯವು ಕೇಳದೆ ಬಿಟ್ಟ ಪ್ರಶ್ನೆಯು ಇದೇ.

ಅದನ್ನು ಕೇಳಲು ಆ ಜನರಿಗೆ ಬಾರದೆಂದಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಭರತಖಂಡಕ್ಕಾಗಿ ರಚಿತವಾದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವನ್ನು ನೋಡಬೇಕು. ಬೇರೆ ಕರಾರಿಲ್ಲದ ಪಕ್ಷದಲ್ಲಿ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯವಾದ ಎಚ್ಚರಿಕೆಯಿಂದ ಅವನು ಕಂಡುಹಿಡಿಯಲಾರದ ಮುಖ್ಯವಾದ ಕುಂದನ್ನು, ಅದು ಹಕ್ಕಿನಲ್ಲಿರಲಿ ಸ್ವತ್ತಿನಲ್ಲಿಯೇ ಇರಲಿ, ಮಾರುವವನು ತಿಳಿಸತಕ್ಕದ್ದೆಂದು ಅದು ವಿಧಿಸುತ್ತದೆ. ತಿಳಿಸದಿದ್ದರೆ ಅದು ವಂಚನೆಯೆಂದೇ ಕರೆಯುತ್ತದೆ. ಮಾರುವವನ ಹಕ್ಕಿನ ಸ್ವರೂಪ ವಿಸ್ತಾರಗಳಲ್ಲಿ ಬೆಲೆಯನ್ನು ಹೆಚ್ಚಿಸುವ ಸಂಗತಿಯೇನಾದರೂ ಕೊಳ್ಳುವವನಿಗೆ ಮಾತ್ರ ತಿಳಿದಿದ್ದರೆ ಅವನೂ ಹೇಳತಕ್ಕದ್ದು. ಈ ಕಾಯಿದೆಯು ಇಂದಿಗೂ ಕರ್ನಾಟಕದಲ್ಲಿ ಜಾರಿಯಲ್ಲಿದೆ. ಕೊಪ್ಪಳದಲ್ಲಿ ಮನೆ ಮಾರುವವನು ಹೇಳಬೇಕಾದುದನ್ನು ಕೆಂಟಿನಲ್ಲಿ ಮಾರುವವನು ಹೇಳಬೇಕಾಗಿಲ್ಲ. ಇಲ್ಲಿಯವರು ಈ ವಿಧಿಯನ್ನು ಎಷ್ಟರಮಟ್ಟಿಗೆ ಪಾಲಿಸುವರೆಂಬ ಮಾತು ಬೇರೆ. ಅದನ್ನು ಎತ್ತದಿರುವುದೇ ಮರ್ಯಾದೆ.

ಇಂಗ್ಲೆಂಡಿನಲ್ಲಿಯೂ ಮಾರುವವನ ಬಾಯಿ ಬಿಡಿಸುವ ಯತ್ನಗಳು ನಡೆದುವು. 2007ರ ಆಗಸ್ಟಿನಲ್ಲಿ, ಮಾರುವವನೇ ಮಾಹಿತಿಯ ಕಟ್ಟೊಂದನ್ನು ಮುಂದಾಗಿ ಸಿದ್ಧಪಡಿಸಬೇಕೆಂಬ ಕ್ರಮ ಬಂದಿತು. ಆದರೆ ಕಟ್ಟಡದ ಸ್ಥಿತಿಯನ್ನು ತಿಳಿಸುವ ವರದಿಯು ಐಚ್ಛಿಕವಾಗಿ ಉಳಿದು, 2010ರ ಮೇ ತಿಂಗಳಲ್ಲಿ ಕ್ರಮವೇ ನಿಂತುಹೋಯಿತು. ನೆರೆಯ ಸ್ಕಾಟ್ಲೆಂಡಿನಲ್ಲಾದರೋ 2008ರ ಡಿಸೆಂಬರಿನಿಂದ ಇಂಥ ವರದಿಯನ್ನು ಮಾರುವವನೇ ಒದಗಿಸುತ್ತಿದ್ದಾನೆ. ಇದಕ್ಕಿಂತ ವಿಚಿತ್ರವಾದುದು ದಲ್ಲಾಳಿಯ ಸ್ಥಿತಿ. ವ್ಯಾಪಾರಿಗಳು ಗ್ರಾಹಕರಿಂದ ಮುಖ್ಯವಾದ ಸಂಗತಿಯನ್ನು ಮುಚ್ಚಿಡಬಾರದೆಂದು 2008ರಲ್ಲಿ ನಿಯಮಗಳಾದುವು; ಅವುಗಳ ಸ್ಥಾನದಲ್ಲಿ ಇಂದು 2024ರ ಶಾಸನವಿದೆ. ದಲ್ಲಾಳಿಯು ವ್ಯಾಪಾರಿಯಾದುದರಿಂದ ಅವನು ಹೇಳಲೇಬೇಕು. ಸ್ವಂತ ಮನೆಯನ್ನು ಮಾರುವ ಗೃಹಸ್ಥನು ವ್ಯಾಪಾರಿಯಲ್ಲವಾದುದರಿಂದ ಸುಮ್ಮನಿರಬಹುದು. ಯಜಮಾನನ ಮೌನವು ನಿರ್ದೋಷ, ಅವನ ಪ್ರತಿನಿಧಿಯ ಮೌನವು ದೋಷ!

ಇಷ್ಟರಿಂದ ಸಿಸಿರೋವಿನ ಮಾತೇ ಸಾಕಾದೀತೆಂದು ತೋರಬಹುದು. ಆದರೆ ಅದರ ಹಿಡಿತಕ್ಕೂ ಸುಲಭವಾಗಿ ಸಿಕ್ಕದ ಒಂದು ವ್ಯಾಜ್ಯವು 2004ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನದ ಮುಂದೆ ಬಂದಿತು. ಯಾರ್ಕ್‌ಷೈರಿನ ವೇಕ್‌ಫೀಲ್ಡಿನ ಒಂದು ಮನೆಯಲ್ಲಿ 1980ರ ದಶಕದಲ್ಲಿ ಒಬ್ಬನು ತನ್ನ ಸಾಕುಮಗಳನ್ನು ಕೊಂದು, ಅವಳ ದೇಹವನ್ನು ತುಂಡುಮಾಡಿ ಅಡಗಿಸಿದ್ದನು. ಅವನಿಗೆ ಶಿಕ್ಷೆಯಾಯಿತು, ಮನೆಯು ಕೈಯಿಂದ ಕೈಗೆ ಸಾಗಿತು. 1998ರಲ್ಲಿ ಒಂದು ದಂಪತಿಗಳು ಏನೂ ತಿಳಿಯದೆ ಅದನ್ನು ಕೊಂಡರು. ಕೊಂಡ ಮೇಲೆ ತಿಳಿಯಿತು. 2000ದಲ್ಲಿ ಮಾರುವಾಗ ತಮ್ಮ ಸಾಲಿಸಿಟರನ್ನು ವಿಚಾರಿಸಿದರು. ಹೇಳಬೇಕಾಗಿಲ್ಲವೆಂದು ಅವನು ತಿಳಿಸಿದನು. ಆಗಿನ ಪ್ರಶ್ನಪತ್ರದಲ್ಲಿ, ಕೊಳ್ಳುವವನಿಗೆ ತಿಳಿಯುವ ಹಕ್ಕಿದೆಯೆಂದು ಮಾರುವವನಿಗೆ ತೋರುವ ಬೇರೆ ಸಂಗತಿ ಏನಾದರೂ ಇದೆಯೆ ಎಂಬ ಪ್ರಶ್ನೆಯಿತ್ತು. ‘ಇಲ್ಲ’ವೆಂದು ಬರೆದರು. ಹೊಸದಾಗಿ ಬಂದ ದಂಪತಿಗಳು ಒಂದು ದಿನ ದೂರದರ್ಶನದ ಕಾರ್ಯಕ್ರಮದಲ್ಲಿ ತಮ್ಮ ಮನೆಯನ್ನೇ ಕಂಡರು. ಆ ಬಾಲಕಿಯ ದೇಹದ ಎಲ್ಲ ಭಾಗಗಳೂ ಸಿಕ್ಕಿಲ್ಲವೆಂದೂ ತಿಳಿಯಿತು. ಆಮೇಲೆ ಅಲ್ಲಿ ಅವರಿಗೆ ಇರಲಾಗಲಿಲ್ಲ.

ಇಲ್ಲಿ ಕುಂದು ಯಾವುದು? ತೊಲೆಗಳು ಗಟ್ಟಿಯಾಗಿವೆ, ಮಾಡು ಸೋರುವುದಿಲ್ಲ. ಎಣ್ಣೆ ಹಾಕಿ ಹುಡುಕಿದರೂ ಸರ್ವೆಯರನಿಗೆ ಒಂದು ಬಿರುಕು ಸಿಕ್ಕದು. ವಾಸ್ತುಶಾಂತಿಯನ್ನು ಮಾಡಿಸಿ ಒಳಹೊಗುವ ಜನರಿಗೆ, ಮನೆಯೆಂದರೆ ಇಟ್ಟಿಗೆ ಮರಗಳಷ್ಟೇ ಅಲ್ಲ, ಅಲ್ಲಿ ನಡೆದುದೂ ಮನೆಯ ಒಂದು ಭಾಗವೆಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಸತ್ತವರಿಲ್ಲದ ಹಳೆಯ ಮನೆ ಯಾವುದು? ಪ್ರತಿಯೊಂದು ದುಃಖವನ್ನೂ ಕ್ರಯಪತ್ರದಲ್ಲಿ ಬರೆಯಬೇಕಾದರೆ ಮನೆಗಳು ಕೈಬದಲಾಗುವುದು ಹೇಗೆ? ಆ ಮೊದಲಿನ ದಂಪತಿಗಳೂ ದುರುಳರಲ್ಲ. ಅವರೂ ತಿಳಿಯದೆ ಕೊಂಡವರು, ಬಲ್ಲವರನ್ನು ಕೇಳಿ ನಡೆದವರು. ಪ್ರಶ್ನೆಯು ಮಾರುವವನಿಗೆ ಏನು ತೋರುವುದೆಂದು ಕೇಳಿತ್ತು. ಹಕ್ಕಿಲ್ಲವೆಂದು ಅವರಿಗೆ ಪ್ರಾಮಾಣಿಕವಾಗಿ ತೋರಿತ್ತು. ಆದುದರಿಂದ ಉತ್ತರವು ಸುಳ್ಳಲ್ಲವೆಂದು ನ್ಯಾಯಸ್ಥಾನವು ನಿರ್ಣಯಿಸಿತು. ಪ್ರಶ್ನೆಯ ಪದಗಳಿಗೆ ಕಟ್ಟುಬಿದ್ದ ನ್ಯಾಯಾಧೀಶರು ಬೇರೆ ರೀತಿಯಲ್ಲಿ ನಿರ್ಣಯಿಸುವುದು ಕಷ್ಟವೇ. ಆದರೆ ಹೇಳಿದರೆ ಕೊಳ್ಳರೆಂದು ಗೊತ್ತಿದ್ದುದರಿಂದಲೇ ತಾನೆ ಸಾಲಿಸಿಟರನ್ನು ವಿಚಾರಿಸುವ ಅವಶ್ಯಕತೆ ಹುಟ್ಟಿದುದು! ಆ ವಿಚಾರಣೆಯ ಕ್ಷಣದಲ್ಲಿಯೇ ಅಂತಃಕರಣವು ಉತ್ತರವನ್ನು ಕೊಟ್ಟಿತ್ತೆಂದು ಹೇಳಿದರೆ ತಪ್ಪಾಗಲಾರದು.

ಎರಡನೆಯ ದಂಪತಿಗಳಿಗೂ ಆ ಮನೆಯನ್ನು ಮಾರಬೇಕಾಗಿ ಬಂದಿತು. ಅವರ ಮೇಲೆಯೂ ಯಾವ ಶಾಸನದ ನಿರ್ಬಂಧವೂ ಇರಲಿಲ್ಲ. ಅವರು ಬಂದವರಿಗೆ ಎಲ್ಲವನ್ನೂ ಹೇಳಿಯೇ ಮಾರಿದರು; ಬೆಲೆಯು ಇಳಿಯಿತು. ಆ ಇಳಿದ ಮೊತ್ತವನ್ನೇ ಅವರು ತಮಗೆ ಮಾರಿದವರಿಂದ ಕೇಳಿದುದು. ನ್ಯಾಯಸ್ಥಾನವು ಅದನ್ನು ಕೊಡಿಸಲಿಲ್ಲ.